ನಾನು ಕೊಯ್ಯಿಸಿಕೊಂಡೆ, ಗಂಗಮ್ಮ ಸ್ಟೆಂಟ್ ಹಾಕಿಸಿಕೊಂಡರು

ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಜಾಲಹಳ್ಳಿ ಕ್ರಾಸಿನಿಂದ ಮಾಕಳಿ ಕಡೆಗೆ ಹೋಗುವ ಬಸ್ಸುಗಳಲ್ಲೇ ನನ್ನ ಹೆಚ್ಚಿನ ಸರ್ವೀಸು ಕಳೆಯಿತು. ತುಮಕೂರು ರಸ್ತೆಯ ಮೇಲೆ ಫ್ಲೈಓವರ್ ಕಟ್ಟುತ್ತಿದ್ದ ಕಾಲವದು. ಧೂಳು, ಲಾರಿಗಳ ಹಾರನ್ನು, ಫ್ಯಾಕ್ಟರಿ ಶಿಫ್ಟಿಗೆ ಹೊರಟವರ ನೂಕಾಟ, ಇವೆಲ್ಲದರ ನಡುವೆ ಕೊನೆಯ ಸೀಟಿನವರಿಗೂ ಕೇಳುವಂತೆ ಸ್ಟಾಪಿನ ಹೆಸರು ಕೂಗಬೇಕು. ನನ್ನ ಗಂಟಲು ಅದಕ್ಕೆ ಪಳಗಿತ್ತು. ಮನೆಯಲ್ಲಿ ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಯವರಿಗೆ ಕೇಳುತ್ತದೆ ಎಂದು ಮಗಳು ರೇಖಾ ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ, ಬಸ್ಸು ತುಂಬಿದ್ದಾಗ, ಊಟದ ಡಬ್ಬಿ ಹಿಡಿದ ಒಬ್ಬ ಹೆಂಗಸು ನೋಟು ಚಾಚಿದರು. ಟಿಕೆಟ್ ಹರಿಯಲು ಹೋದೆ. ಬಲಗೈ ನನ್ನ ಮಾತು ಕೇಳಲಿಲ್ಲ. ಟಿಕೆಟ್ಟಿನ ಕಟ್ಟು ಕೆಳಗೆ ಬಿತ್ತು. ಬಗ್ಗಿ ಎತ್ತಲು ನೋಡಿದರೆ ಬೆರಳುಗಳು ನೆಲದ ಮೇಲೆ ಸುಮ್ಮನೆ ಸವರಾಡಿದವು. "ಏನಾಯ್ತು ಮೇಡಂ?" ಎಂದು ಆಕೆ ಕೇಳಿದರು. ಏನಿಲ್ಲ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ಮಾತಲ್ಲ, ಗೊಜಗೊಜ ಸದ್ದು. ಹಿಂದಿನಿಂದ ಯಾರೋ, ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡು ಬಂದವ್ರೆ ಎಂದು ನಕ್ಕರು. ನನಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಗುತ್ತಿತ್ತು. ಡ್ರೈವರ್ ನಂಜುಂಡಪ್ಪ ಬಸ್ಸನ್ನು ಪಕ್ಕಕ್ಕೆ ಹಾಕಿ ಓಡಿಬಂದು ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಕೈಗೆ ಜೀವ ಬಂತು, ಅದರ ಹಿಂದೆಯೇ ಮಾತೂ ಬಂತು. ತಿಂಡಿ ತಿಂದಿರಲಿಲ್ಲ, ತಲೆ ಸುತ್ತಿತು ಎಂದೆ. ನಾನೂ ಅದನ್ನು ನಂಬಿದೆ.

ಎರಡನೆಯ ಸಲ ಆದದ್ದು ಅದೇ ವಾರ, ಮನೆಯಲ್ಲಿ. ಚಿಕ್ಕಬಾಣಾವರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಗಳಿಗೆ ಸಾರು ಬಡಿಸುತ್ತಿದ್ದೆ. ಸೌಟು ಕೈಯಿಂದ ಜಾರಿ ಅವಳ ತೊಡೆಯ ಮೇಲೆ ಬಿತ್ತು. ಅವಳು ಬಿಸಿಗೆ ಚೀರಿ ಎದ್ದವಳು ನನ್ನ ಮುಖ ನೋಡಿದಳು. ಬಾಯಿಯ ಒಂದು ಕಡೆ ಇಳಿದುಹೋಗಿತ್ತಂತೆ. ನನ್ನ ಎರಡೂ ಭುಜ ಹಿಡಿದುಕೊಂಡು, "ಅಮ್ಮ, ನನ್ನ ಹೆಸರೇನು ಹೇಳು. ನನ್ನ ಹೆಸರು ಹೇಳಮ್ಮ" ಎಂದಳು.

ಹೇಳಲಾಗಲಿಲ್ಲ. ನಾನೇ ಹುಡುಕಿ ಇಟ್ಟ ಹೆಸರು. ಅವಳ ಮುಖ ಎದುರಿಗಿದೆ, ಅವಳು ಹುಟ್ಟಿದ ದಿನದಿಂದ ಎಲ್ಲವೂ ನೆನಪಿದೆ, ಆ ಎರಡಕ್ಷರ ಮಾತ್ರ ಎಲ್ಲೂ ಸಿಗುತ್ತಿಲ್ಲ. ಇದು ಹೀಗೇ ಉಳಿದುಬಿಟ್ಟರೆ ಎಂಬ ಭಯ ಆಗ ಹುಟ್ಟಿತು. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೆಸರು ಬಂತು. ಬಂದಿದ್ದೇ, ರೇಖಾ, ರೇಖಾ ಎಂದು ನಿಲ್ಲಿಸದೆ ಹೇಳುತ್ತಾ ಹೋದೆ. ಸಾಕು ಅಮ್ಮ ಎಂದು ಅವಳು ಅತ್ತಳು. ನಿಲ್ಲಿಸಿದರೆ ಮತ್ತೆ ಕಳೆದುಹೋಗುತ್ತದೆ ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಮಾಡುವಾಗ ಯಂತ್ರದಿಂದ ಸರ್ ಸರ್ ಎಂದು ಗಾಳಿ ಬೀಸಿದಂಥ ಸದ್ದು ಬರುತ್ತಿತ್ತು. ಎಡಗಡೆಗೆ ಬಂದಾಗ ಅದು ಕೀರಲಾಯಿತು. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಅದೇ ಜಾಗವನ್ನು ಮತ್ತೆ ಮತ್ತೆ ಒತ್ತಿದಳು. ಯಾರೂ ಏನೂ ಹೇಳುವ ಮೊದಲೇ ನನಗೆ ಗೊತ್ತಾಯಿತು. ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳ ಬಹಳ ಕಿರಿದಾಗಿದೆ, ಅಲ್ಲಿ ಕಟ್ಟಿದ ಕೊಬ್ಬಿನ ಚೂರು ಸಿಡಿದು ಮೇಲೆ ಹೋದದ್ದರಿಂದ ಹೀಗಾಗಿದೆ ಎಂದರು. ಎರಡು ಸಲ ತಾನಾಗಿಯೇ ಸರಿಹೋಗಿದೆ, ಮೂರನೆಯದು ಹಾಗೆ ಹೋಗದೇ ಇರಬಹುದು ಎಂದೂ ಹೇಳಿದರು.

ಗಂಗಮ್ಮ ನನಗೆ ಸಿಕ್ಕಿದ್ದು ಆ ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ. ಮಾಕಳಿಯವರು. ಇದ್ದ ಹೊಲದಲ್ಲಿ ಕೋಣೆಗಳನ್ನು ಕಟ್ಟಿಸಿ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದ ಮನೆತನ. ಅರವತ್ತು ದಾಟಿದ್ದರು. ಪಕ್ಕದಲ್ಲಿ ಗಂಡ ಮುನಿಯಪ್ಪನವರು ತಲೆಗೆ ಟವಲ್ ಸುತ್ತಿಕೊಂಡು ಕೂತಿದ್ದರು. ಅವರಿಗೆ ಕಿವಿ ಮಂದ. ಗಂಗಮ್ಮ ನನ್ನನ್ನು ದಿಟ್ಟಿಸಿ ನೋಡಿ, "ನೀನು ಬಸ್ಸಲ್ಲಿ ಕೂಗೋ ಕಂಡಕ್ಟ್ರಮ್ಮ ಅಲ್ವಾ? ನಿಂಗೂ ಕತ್ತಾ?" ಎಂದರು.

ನಾನು ತಲೆಯಾಡಿಸಿದೆ. ಅವರಿಗೆ ಬಲಗಡೆ. ಆಗಾಗ ಒಂದು ಕಣ್ಣಿನ ಮುಂದೆ ಪರದೆ ಎಳೆದಂತೆ ಕತ್ತಲೆ ಇಳಿದು ಮತ್ತೆ ಏಳುತ್ತಿತ್ತಂತೆ. ಸೆರಗಿನ ಗಂಟು ಬಿಚ್ಚಿ ಹುರಿಗಾಳು ಕೈಗೆ ಸುರಿದರು. ಆ ಬೆಳಿಗ್ಗೆಯಿಂದ ನನ್ನ ಬಾಯಿಗೆ ಬಿದ್ದ ಮೊದಲ ತುತ್ತು ಅದು. ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ಫೈಲಿನ ಕವರನ್ನು ತಬ್ಬಿಕೊಂಡು ಯಾರ ಮುಖವನ್ನೂ ನೋಡದೆ ಇದ್ದಾಗ, ಆಕೆ ನನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ನನಗೆ ಎರಡು ದಾರಿ ಹೇಳಿದರು. ಕತ್ತು ಕೊಯ್ದು ನಾಳ ಬಿಡಿಸಿ ಒಳಗಿನ ಕೊಬ್ಬನ್ನು ತೆಗೆದು ಹೊಲಿಯುವುದು ಒಂದು. ತೊಡೆಸಂದಿಯ ರಕ್ತನಾಳದಿಂದ ತಂತಿ ಹಾಯಿಸಿ, ಕಿರಿದಾದ ಜಾಗದಲ್ಲಿ ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆಯನ್ನು ಬಿಡಿಸಿ ಇಡುವುದು ಇನ್ನೊಂದು. ಗಂಗಮ್ಮನವರಿಗೆ ಈ ಆಯ್ಕೆ ಇರಲಿಲ್ಲ. ಅವರ ಹೃದಯ ಆಗಲೇ ಸೋತಿತ್ತು, ಆಪರೇಷನ್ ತಡೆಯುವುದಿಲ್ಲ, ಸ್ಟೆಂಟೇ ಗತಿ ಎಂದಿದ್ದರು. ನನಗೆ ಎರಡೂ ಆಗುತ್ತಿತ್ತು. ಅದೇ ನನ್ನ ಸಂಕಟವಾಯಿತು.

ನಮ್ಮ ಯಜಮಾನರು ಶಿವಣ್ಣ ಪೀಣ್ಯದಲ್ಲಿ ಪ್ಲೇಟಿಂಗ್ ಕೆಲಸ ಮಾಡುತ್ತಿದ್ದರು, ಕಬ್ಬಿಣದ ಸಾಮಾನಿಗೆ ನಿಕ್ಕಲ್ ಹಾಕುವ ಕೆಲಸ. ಡಾಕ್ಟರ ಮುಂದೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾವ್ದು ಬಾಳಿಕೆ ಬರುತ್ತೆ ಸಾರ್?"

"ಈಗ ಗೊತ್ತಿರೋ ಮಟ್ಟಿಗೆ, ವರ್ಷಗಟ್ಟಲೆ ಇಟ್ಟು ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ" ಎಂದರು ಡಾಕ್ಟರು. "ವ್ಯತ್ಯಾಸ ಇರೋದು ಮೊದಲ ದಿನಗಳಲ್ಲಿ. ಸ್ಟೆಂಟ್ ಹಾಕುವಾಗ ಒಂದು ಚೂರು ಮೇಲೆ ಹೋಗಿ ಸ್ಟ್ರೋಕ್ ಆಗೋ ಅಪಾಯ ಸ್ವಲ್ಪ ಜಾಸ್ತಿ. ಆಪರೇಷನ್ನಲ್ಲಿ ಅದು ಕಮ್ಮಿ, ಆದ್ರೆ ಹೃದಯಕ್ಕೆ ಭಾರ ಬೀಳುತ್ತೆ. ದನಿಗೆ, ನಾಲಿಗೆಗೆ ಹೋಗೋ ನರಗಳು ಅಲ್ಲೇ ಪಕ್ಕದಲ್ಲಿವೆ, ಅವಕ್ಕೆ ಪೆಟ್ಟಾಗಬಹುದು."

ಹಾಗಾದರೆ ಯಾವುದು ಒಳ್ಳೆಯದು ಎಂದು ರೇಖಾ ಕೇಳಿದಳು. ನೀವು ಮಾತಾಡಿಕೊಂಡು ಬನ್ನಿ, ಆದರೆ ಬಹಳ ದಿನ ತೆಗೆದುಕೊಳ್ಳಬೇಡಿ ಎಂದರು. ವರ್ಷಗಟ್ಟಲೆ ಎರಡೂ ಒಂದೇ ಎನ್ನುವ ಮಾತು ಸಮಾಧಾನಕ್ಕೆ ಹೇಳಿದ್ದಿರಬೇಕು. ಆ ವರ್ಷಗಳನ್ನು ತಲುಪಲು ಮೊದಲ ದಿನಗಳನ್ನು ದಾಟಬೇಕು, ದಾಟುವ ದಾರಿಯನ್ನು ನಾನೇ ಹೇಳಬೇಕು. ಡಾಕ್ಟರು ಬೈದಾದರೂ ಹೀಗೇ ಮಾಡು ಎಂದಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ.

ಮನೆಯಲ್ಲಿ ಜಗಳ ಶುರುವಾಯಿತು. ಯಜಮಾನರಿಗೆ ಆಪರೇಷನ್ನೇ ಸರಿ. ತುಕ್ಕು ಹಿಡಿದದ್ದನ್ನು ಕೆರೆದು ತೆಗೆಯದೆ ಅದರ ಮೇಲೇ ಇನ್ನೊಂದು ಕೂರಿಸಿದರೆ ನಿಲ್ಲುತ್ತದೆಯೇ ಎಂಬುದು ಅವರ ವಾದ. ಅಮ್ಮ ಪೈಪಲ್ಲ ಅಪ್ಪಾ ಎಂದು ಮಗಳು. ಅವಳು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದಳು, ಕೆಲಸ ಮುಗಿದ ಮೇಲೆ ಅಲ್ಲೇ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬರುತ್ತಿದ್ದಳು. ಕೊಯ್ಯದೆ ಆಗುವುದಿದ್ದರೆ ಯಾಕೆ ಕೊಯ್ಯಿಸಬೇಕು, ಅಮ್ಮನ ದನಿ ಹೋದರೆ ಅಮ್ಮನಲ್ಲಿ ಏನು ಉಳಿಯುತ್ತದೆ ಎನ್ನುತ್ತಿದ್ದಳು. ಒಂದು ದಿನ ಯಜಮಾನರು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಇಬ್ಬರೂ ನನ್ನನ್ನು ಉಳಿಸಲಿಕ್ಕೇ ಒದ್ದಾಡುತ್ತಿದ್ದರು. ನಾನು ನಡುವೆ ಕೂತು ಬಲಗೈಯನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಎದ್ದಾಗ, ಮಲಗುವಾಗ, ಸ್ನಾನದ ಮನೆಯಲ್ಲಿ, ಮನಸ್ಸಿನಲ್ಲೇ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆ. ಯಜಮಾನರದು, ಮಗಳದು, ಅಮ್ಮನದು. ಒಂದು ಹೆಸರು ಬರಲು ಕ್ಷಣ ತಡವಾದರೂ ಮೈ ಬೆವರುತ್ತಿತ್ತು. ಇಷ್ಟು ಹೆದರಿ ಬದುಕುವುದಕ್ಕಿಂತ ಆ ಮೂರನೆಯದು ಬಂದು ಒಂದೇ ಸಲಕ್ಕೆ ಎಲ್ಲ ಮುಗಿದುಹೋಗಲಿ ಎಂದು ಕೂಡ ಅಂದುಕೊಂಡದ್ದುಂಟು.

ಹಾಗೆ ಅಂದುಕೊಂಡ ದಿನವೇ ಇನ್ನೊಂದು ವಿಷಯ ಹೊಳೆಯಿತು. ಕೈ ತಪ್ಪಿ ಏನಾದರೂ ಆದರೆ, ಯಾರ ಮಾತು ನಡೆದಿತ್ತೋ ಅವರು ಬದುಕಿರುವಷ್ಟು ದಿನ ಅದನ್ನು ಹೊರಬೇಕು. ಅಪ್ಪ ಮಗಳು ಒಂದೇ ಮನೆಯಲ್ಲಿ ಆ ಭಾರ ಇಟ್ಟುಕೊಂಡು ಹೇಗಿರುತ್ತಾರೆ? ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ.

"ಆಪರೇಷನ್ ಮಾಡಿಸ್ಕೋತೀನಿ. ಅಪ್ಪ ಹೇಳಿದ್ರು ಅಂತಲ್ಲ. ದನಿ ಹೋದ್ರೂ ಪರವಾಗಿಲ್ಲ, ಮಾತು ಉಳೀಬೇಕು ನಂಗೆ. ನಿನ್ನ ಹೆಸರು ಪಿಸುಗುಟ್ಟಿದ್ರೂ ಸಾಕು. ನಾಳೆ ಹೆಚ್ಚುಕಮ್ಮಿ ಆದ್ರೆ ಅಪ್ಪನಿಂದಾಯ್ತು, ಮಗಳಿಂದಾಯ್ತು ಅಂತ ಯಾರೂ ಅನ್ಬಾರ್ದು. ಇದು ನಂದು."

ಯಜಮಾನರು ಗೋಡೆಯ ಕಡೆ ತಿರುಗಿಕೊಂಡರು. ಅವರು ಗೆದ್ದವರ ಹಾಗೆ ಕಾಣಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ನರ್ಸು ಬಂದು ಮೈಮೇಲಿನ ಚಿನ್ನವನ್ನೆಲ್ಲ ತೆಗೆಯಿರಿ ಎಂದರು. ತಾಳಿ ಬಿಚ್ಚಲು ನನಗೆ ಕೈ ಬರಲಿಲ್ಲ. ನಮ್ಮತ್ತೆ ಬದುಕಿದ್ದರೆ ಏನನ್ನುತ್ತಿದ್ದರೋ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು. ವಾರ್ಡಿನ ಆಯಾ ಒಬ್ಬರು ಅರಿಶಿನದ ಕೊಂಬು ಕಟ್ಟಿದ ಒಂದು ದಾರ ತಂದು ನನ್ನ ಎಡಗೈ ಮಣಿಕಟ್ಟಿಗೆ ಸುತ್ತಿದರು. ನರ್ಸು ನೋಡಿಯೂ ನೋಡದವರಂತೆ ಇದ್ದರು. ಆ ಆಯಾ ಅವರ ಹೆಸರು ಕೇಳಿಕೊಳ್ಳಲಿಲ್ಲ ನಾನು. ಸ್ಟ್ರೆಚರ್ ಲಿಫ್ಟಿನೊಳಗೆ ಹೋಗುವವರೆಗೂ ಅವರು ಜೊತೆಗೇ ನಡೆದು ಬಂದರು.

ಎಚ್ಚರವಾದಾಗ ಯಾರೋ ಬಲಗೈ ಎತ್ತಿ ಎಂದರು, ಎತ್ತಿದೆ. ಹೆಸರು ಹೇಳಿ ಎಂದರು. ಸುಜಾತ ಎಂದೆ. ಸದ್ದು ಬರಲಿಲ್ಲ. ಒಡೆದ ಕೊಳಲಿನಲ್ಲಿ ಊದಿದಂತೆ ಬರೀ ಉಸಿರು. ಆದರೆ ಪದ ಸರಿಯಾಗಿತ್ತು. ನಾಲಿಗೆ ಅದರ ಆಕಾರವನ್ನು ಮಾಡಿತ್ತು. ಮಗಳನ್ನು ಒಳಗೆ ಬಿಟ್ಟ ಕೂಡಲೇ ಅವಳ ಹೆಸರು ಹೇಳಿದೆ. ನನ್ನ ತುಟಿ ನೋಡಿ ಅವಳಿಗೆ ತಿಳಿಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಿಜವಾದ ಕೆಟ್ಟ ದಿನಗಳು ಶುರುವಾದದ್ದು ಇದಾದ ಮೇಲೆ. ನಾಳ ಚೆನ್ನಾಗಿ ತೆರೆದಿದೆ, ದನಿ ಕೆಲವು ವಾರಗಳಲ್ಲಿ ಬರಬಹುದು ಎಂದು ಕಳಿಸಿದರು. ವಾರಗಳು ಹೋಗಿ ತಿಂಗಳುಗಳಾದವು. ನೀರು ಕುಡಿದರೆ ನೆತ್ತಿಗೇರುತ್ತಿತ್ತು. ಎಡಗಿವಿಯ ಹಾಲೆ ಮರಗಟ್ಟಿ ಹೋಗಿತ್ತು. ಓಲೆ ಬಿದ್ದುಹೋದರೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯಲ್ಲಿ ಏನಾದರೂ ಕೇಳಿದರೆ ಹುಡುಗರು ಕಿವಿಯನ್ನು ಬಾಯಿಯ ಹತ್ತಿರ ತಂದು, ಆಮೇಲೆ ನನ್ನನ್ನು ಬಿಟ್ಟು ಮಗಳನ್ನು ಕೇಳುತ್ತಿದ್ದರು. ಬಸ್ಸಿನ ಕೆಲಸ ಆಗುವುದಿಲ್ಲವೆಂದು ಡಿಪೋದ ಟಿಕೆಟ್ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ, ಮಾತಾಡುವ ಅಗತ್ಯವೂ ಇಲ್ಲ. ಮನೆಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿ, ಆ ನೀರಿನ ಸದ್ದಿನಲ್ಲಿ ಅಳುತ್ತಿದ್ದೆ. ಅಳುವುದಕ್ಕೂ ದನಿ ಇರಲಿಲ್ಲ, ನಲ್ಲಿ ತಿರುಗಿಸಬೇಕಾದ ಅಗತ್ಯವೇ ಇರಲಿಲ್ಲ ಎಂದು ಎಷ್ಟೋ ದಿನದ ಮೇಲೆ ಹೊಳೆಯಿತು.

ಯಜಮಾನರು ನನ್ನೆದುರು ಕೂರುವುದನ್ನೇ ಬಿಟ್ಟರು. ಇದು ನಂದು ಎಂದು ನಾನು ಹೇಳಿದ್ದು ಅವರಿಗೆ ಸಾಕಾಗಿರಲಿಲ್ಲ. ತಾವು ಹಟ ಹಿಡಿಯದಿದ್ದರೆ ನನ್ನ ದನಿ ಇರುತ್ತಿತ್ತು ಎಂದು ಅವರು ಡ್ರೈವರ್ ನಂಜುಂಡಪ್ಪನವರ ಹತ್ತಿರ ಹೇಳಿಕೊಂಡರಂತೆ.

ಈ ನಡುವೆ ಗಂಗಮ್ಮ ಫೋನ್ ಮಾಡುತ್ತಿದ್ದರು. ಸ್ಟೆಂಟ್ ಹಾಕಿ ಎರಡು ಮೂರು ದಿನಕ್ಕೇ ಮನೆಗೆ ಕಳಿಸಿದರಂತೆ, ಕತ್ತಿನ ಮೇಲೆ ಗೀರೂ ಇಲ್ಲವಂತೆ. ಅವರ ದನಿ ಗಟ್ಟಿಯಾಗಿ, ನಗುನಗುತ್ತಾ ಬರುತ್ತಿತ್ತು. ರೇಖಾ ಫೋನು ನನ್ನ ಕಿವಿಗೆ ಹಿಡಿಯುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿದ್ದೆ. ಅಮ್ಮ ಚೆನ್ನಾಗಿದ್ದಾರೆ, ಗಂಟಲು ನೆಗಡಿಯಿಂದ ಕಟ್ಟಿದೆ ಎಂದು ಅವಳೇ ಹೇಳಿಬಿಡುತ್ತಿದ್ದಳು. ಫೋನ್ ಇಟ್ಟ ಮೇಲೆ ನನಗೆ ಹೊಟ್ಟೆ ಉರಿಯುತ್ತಿತ್ತು. ಬೇರೆ ದಾರಿಯೇ ಇಲ್ಲದೆ ಆಕೆ ಹಾಕಿಸಿಕೊಂಡದ್ದು ಆಕೆಗೆ ವರವಾಯಿತು, ಎರಡು ದಾರಿ ಇದ್ದೂ ನಾನು ಹಾಳಾದೆ ಅನ್ನಿಸುತ್ತಿತ್ತು.

ಅವರೆಕಾಯಿಯ ಕಾಲದಲ್ಲಿ ಒಂದು ಭಾನುವಾರ ನಾನೇ ಮಾಕಳಿಗೆ ಹೋದೆ. ಹೇಳದೆ ಹೋಗಿದ್ದೆ. ಗಂಗಮ್ಮ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ಎಡಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಬಲಗೈಯಿಂದ ಕಾಯನ್ನು ಮೊರದ ಅಂಚಿಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಸೀಳಿ, ಒಂದೊಂದೇ ಕಾಳನ್ನು ಹೊರಗೆ ತೆಗೆಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ಆ ಎಡಗೈಯನ್ನು ಸೆರಗಿನಡಿ ಎಳೆದುಕೊಂಡರು.

ಸ್ಟೆಂಟ್ ಹಾಕುವಾಗಲೇ ಆದದ್ದಂತೆ ಅದು. ಸಣ್ಣ ಸ್ಟ್ರೋಕು. ನಡೆಯಲು ತೊಂದರೆಯಿಲ್ಲ, ಎಡಗೈ ಬೆರಳುಗಳು ಮಾತ್ರ ಮಡಚಿಕೊಳ್ಳುವುದಿಲ್ಲ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಕೇಳಿ ಅವರು ಬೆಚ್ಚಿದರು. ಅವರಿಗೂ ನನ್ನದು ಗೊತ್ತಿರಲಿಲ್ಲ.

"ಇದೇನವ್ವ ಇಂಗಾಗೈತೆ?" ಎಂದು ನನ್ನ ಕತ್ತು ಮುಟ್ಟಿ ನೋಡಿದರು. "ನೀನು ಕೆಲ್ಸಕ್ಕೋಗಿ ದುಡಿಯೋಳು, ನಿಂಗೆ ಯಾಕೆ ಎದರ್ಸೋದು ಅಂತ ನಾನ್ ಏಳ್ನಿಲ್ಲ. ನೀನು ಕೊಯ್ಸ್ಕಂಡು ಗೆದ್ದೆ, ನಂಗೆ ಆ ಯೋಗ ಇಲ್ದೋಯ್ತು ಅಂತ ದಿನಾ ಅಳ್ತಿದ್ದೆ."

ನಾನು ಅವರ ಎಡಗೈಯನ್ನು ಸೆರಗಿನಡಿಯಿಂದ ಹೊರಗೆ ತೆಗೆದು ನನ್ನ ಎರಡು ಕೈಗಳ ನಡುವೆ ಇಟ್ಟುಕೊಂಡೆ. ಇಷ್ಟು ದಿನ ಒಬ್ಬರನ್ನು ನೆನೆದು ಇನ್ನೊಬ್ಬರು ಕರುಬಿದ್ದೆವು. ಆ ಮಧ್ಯಾಹ್ನ ಮೊರ ತುಂಬುವಷ್ಟು ಕಾಯನ್ನು ಇಬ್ಬರೂ ಸೇರಿ ಸುಲಿದೆವು. ನಾನು ಹೇಳಿದ್ದು ಅವರಿಗೆ ಅರ್ಧವೇ ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುನಿಯಪ್ಪನವರಿಗೆ ಏನೂ ಕೇಳುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದರು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು.

ಮನೆಗೆ ಬಂದು ಯಜಮಾನರಿಗೆ ಗಂಗಮ್ಮನ ಕೈಯ ವಿಷಯ ಹೇಳಿದೆ. ಅವರು ನನ್ನೆದುರು ಬಂದು ಕೂತು, ಆಪರೇಷನ್ನಿನ ನಂತರ ಮೊದಲ ಬಾರಿಗೆ ಆ ಗಾಯದ ಗೆರೆಯನ್ನು ನೇರವಾಗಿ ನೋಡಿದರು.

ದನಿ ವರ್ಷದ ಹೊತ್ತಿಗೆ ಮುಕ್ಕಾಲು ಪಾಲು ಬಂತು. ಇಂದಿಗೂ ಸಂಜೆಯಾದರೆ ಒಡೆಯುತ್ತದೆ, ಬಸ್ಸಿನಲ್ಲಿ ಕೂಗುವ ದನಿ ಮಾತ್ರ ಬರಲೇ ಇಲ್ಲ. ಗಂಗಮ್ಮನ ಬೆರಳುಗಳು ಸ್ವಲ್ಪ ಸ್ವಲ್ಪ ಮಡಚಿದವು, ಹೂ ಕಟ್ಟುವಷ್ಟು ಆಗಲಿಲ್ಲ. ವರ್ಷಕ್ಕೊಮ್ಮೆ ಇಬ್ಬರೂ ಒಂದೇ ದಿನ ಸ್ಕ್ಯಾನಿಗೆ ಹೋಗುವಂತೆ ತಾರೀಖು ಬರೆಸಿಕೊಂಡೆವು. ಹಿಂದಿನ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಹೊಲಿದ ಜಾಗ ಮತ್ತೆ ಕಿರಿದಾಗಬಹುದು, ಸ್ಟೆಂಟಿನೊಳಗೆ ಮತ್ತೆ ಬೆಳೆಯಬಹುದು ಎಂದು ನಮಗೆ ಹೇಳಿದ್ದರಲ್ಲ. ಒಬ್ಬರು ಒಳಗೆ ಹೋದಾಗ ಇನ್ನೊಬ್ಬರು ಬಾಗಿಲಿಗೇ ಕಿವಿಗೊಟ್ಟು, ಯಂತ್ರದ ಸದ್ದು ಕೀರಲಾಗುತ್ತದೆಯೇ ಎಂದು ಕೇಳುತ್ತಿದ್ದೆವು. ಪ್ರತಿ ವರ್ಷವೂ ಇಬ್ಬರ ನಾಳವೂ ತೆರೆದೇ ಇತ್ತು. ಡಾಕ್ಟರು ಮೊದಲ ದಿನ ಹೇಳಿದ ಮಾತು ಸುಳ್ಳಾಗಿರಲಿಲ್ಲ.

ಕಳೆದ ಸಲ ನನ್ನ ಬಲಗಡೆಯ ನಾಳವೂ ಕಿರಿದಾಗತೊಡಗಿದೆ ಎಂದರು. ಸದ್ಯಕ್ಕೆ ಮಾತ್ರೆ ಸಾಕು, ಇನ್ನೊಂದು ಆರು ತಿಂಗಳಿಗೆ ನೋಡೋಣ ಎಂದು ಬರೆದುಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಆ ವರ್ಷ ಗಂಗಮ್ಮ ಬಂದಿರಲಿಲ್ಲ. ಉಸಿರಾಟ ಕಷ್ಟವಾಗಿ ಮನೆಯಲ್ಲೇ ಮಲಗಿದ್ದರು. ನನ್ನ ಬಲಗಡೆಯ ಸುದ್ದಿಯನ್ನು ಅವರಿಗೆ ಹೇಳಲಿಲ್ಲ. ಹೇಳಲು ಹೋಗುವ ಮೊದಲೇ ಅವರ ಹೃದಯ ನಿಂತಿತು.

ಹನ್ನೊಂದನೆಯ ದಿನದ ಊಟಕ್ಕೆ ಯಜಮಾನರೂ ನಾನೂ ಮಾಕಳಿಗೆ ಹೋದೆವು. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಾಡಿಗೆ ಕೋಣೆಗಳ ಹುಡುಗರು, ಬಿಜಾಪುರ ಗುಲ್ಬರ್ಗಾ ಕಡೆಯವರು, ಒಬ್ಬೊಬ್ಬರೇ ಬಂದು ಫೋಟೋದ ಮುಂದೆ ಕೈಮುಗಿದು ಶಿಫ್ಟಿಗೆ ಹೋಗುತ್ತಿದ್ದರು. ಎಲೆಯ ಮುಂದೆ ಕೂತೆ, ತುತ್ತು ಇಳಿಯಲಿಲ್ಲ. ಇನ್ನು ಮೇಲೆ ಆ ಬಾಗಿಲಿಗೆ ಕಿವಿಗೊಟ್ಟು ಯಾರು ಕಾಯುತ್ತಾರೆ ಎಂದು ಯೋಚಿಸುತ್ತಿದ್ದೆ. ಮುನಿಯಪ್ಪನವರು ಪಂಕ್ತಿಯ ಮಧ್ಯೆ ನಡೆದು ಬಂದು ನನ್ನೆದುರು ನಿಂತರು.

"ನಿನ್ ಕತ್ತು ಎಂಗೈತವ್ವ?" ಎಂದು ಕೇಳಿದರು.

ಅವರಿಗೆ ಕೇಳಲೆಂದು ನನಗೆ ಸಾಧ್ಯವಾದಷ್ಟು ಗಟ್ಟಿಯಾಗಿ, ಕೊಯ್ದ ಕಡೆ ಚೆನ್ನಾಗಿದೆ ಎಂದೆ. ಕೇಳಿತೋ ಇಲ್ಲವೋ, ತಲೆಯಾಡಿಸಿದರು.

"ಅವಳ್ದೂ ಚೆನ್ನಾಗೇ ಇತ್ತು ಕಣವ್ವ," ಎಂದರು. "ಕೊನೇಗಂಟ."

ಆಮೇಲೆ ಸೊಸೆಯನ್ನು ಕರೆದು, ನನ್ನ ಎಲೆಗೆ ಇನ್ನೊಂದಿಷ್ಟು ಬಿಸಿ ಅನ್ನ ಹಾಕಲು ಹೇಳಿ, ನಾನು ಉಣ್ಣುವವರೆಗೂ ಅಲ್ಲೇ ನಿಂತರು.